ಮಣಿಪಾಲದ ಪಾದೆ ಹೂಗಳು: ಒಂದು ಕಾಣುವ ಬೆಳಕಿನಲ್ಲಿ, ಒಂದು ನೇರಳಾತೀತದಲ್ಲಿ

ಮಣಿಪಾಲದ ಮುರಕಲ್ಲ ಪಾದೆಯ (ಬಂಡೆಹಾಸಿನ) ಯುಟ್ರಿಕ್ಯುಲೇರಿಯಾ ಎಂಬ ಪುಟ್ಟ ಕೀಟಾಹಾರಿ ಗಿಡ ಇರಲಿ, ಮಲ್ಪೆ ಕಡಲ ಬದಿಯ ಅಡುಂಬು ಬಳ್ಳಿ ಇರಲಿ, ನಾನು ತೆಗೆಯುವುದು ಒಂದೇ ಹೂವಿನ ಜೋಡಿ ಚಿತ್ರ: ಒಂದು ಕಾಣುವ ಬೆಳಕಿನದು, ಇನ್ನೊಂದು ನೇರಳಾತೀತದ್ದು. ಜೇನ್ನೊಣದ ಕಣ್ಣು ಸುಮಾರು 300ರಿಂದ 650 ನ್ಯಾನೋಮೀಟರ್ ತನಕ ಗ್ರಹಿಸುತ್ತದೆ. 400ಕ್ಕಿಂತ ಕೆಳಗಿನದು, ಅಂದರೆ ನೇರಳಾತೀತ, ನಮಗೆ ಕಾಣುವುದೇ ಇಲ್ಲ.

ಕ್ಯಾಮೆರಾ ಮಿರರ್‌ಲೆಸ್, ಸೆನ್ಸರ್ ಮುಂದೆ ನೇರಳಾತೀತ, ಅವಕೆಂಪುಗಳನ್ನು ತಡೆಯುವ ಗಾಜು ತೆಗೆಸಿದ್ದು. ಹೊಸ ಲೆನ್ಸ್‌ಗಳ ಗಾಜು, ಕೋಟಿಂಗ್, ಅಂಟು ಎಲ್ಲವೂ ನೇರಳಾತೀತವನ್ನು ನುಂಗುತ್ತವೆ. ಅದಕ್ಕೇ ಹಳೆಯ, ಲೋಹದ ಮೈಯ ಇಎಲ್-ನಿಕ್ಕೋರ್ 80 ಮಿ.ಮೀ. ಎಫ್/5.6 ಎನ್‌ಲಾರ್ಜರ್ (ಫಿಲ್ಮಿನಿಂದ ಫೋಟೋ ಹಿಗ್ಗಿಸಿ ಮುದ್ರಿಸುವ ಯಂತ್ರದ) ಲೆನ್ಸ್. ಇದರಲ್ಲಿ ಫೋಕಸ್ ಉಂಗುರ ಇಲ್ಲ, ತಿರುಗಿಸಿ ಹಿಂದೆ ಮುಂದೆ ಸರಿಸುವ ಕೊಳವೆ, ಹೆಲಿಕಾಯ್ಡ್, ಬೇಕು. ಫಿಲ್ಟರ್‌ಗೆ ನೇರಳಾತೀತ ಬಿಡುವ ಯು-340 ಮತ್ತು ಅವಕೆಂಪು ತಡೆಯುವ ಎಸ್8612 ಗಾಜು, ತಲಾ 2 ಮಿ.ಮೀ. ದಪ್ಪ, ಒಂದರ ಮೇಲೊಂದು.

ಎಸ್8612 ಹಾಕದಿದ್ದರೆ ಎಲ್ಲ ಕೆಡುತ್ತದೆ. ಯು-340 ಒಂದೇ ಇದ್ದರೆ 700 ನ್ಯಾನೋಮೀಟರ್ ಆಸುಪಾಸಿನ ಅವಕೆಂಪು ಸೋರುತ್ತದೆ. ಸೆನ್ಸರ್‌ಗೆ ಅಲ್ಲಿ ಸೂಕ್ಷ್ಮತೆ ಬಹಳ ಹೆಚ್ಚು, ನಿಜವಾದ ಚಿತ್ರ ಅದರಡಿ ಮುಳುಗಿಹೋಗುತ್ತದೆ. ಗುರುತು ಹಿಡಿಯುವುದು ಎಲೆಯಿಂದ: ನೇರಳಾತೀತದಲ್ಲಿ ಹಸಿರೆಲೆ ಕಪ್ಪಗಿರಬೇಕು, ಬೆಳ್ಳಗೆ ಹೊಳೆದರೆ ಸೋರಿಕೆ. ಇನ್ನೂ ಅನುಮಾನವಿದ್ದರೆ 420ರ ಕೆಳಗಿನದನ್ನು ತಡೆಯುವ ಹಳದಿ ಗಾಜನ್ನು ಮುಂದೆ ಹಿಡಿದು ಅದೇ ಎಕ್ಸ್‌ಪೋಶರ್ ಕೊಡಿ. ಫ್ರೇಮ್ ಪೂರ್ತಿ ಕಪ್ಪಾದರೆ ಸರಿ.

ವೈಟ್ ಬ್ಯಾಲೆನ್ಸ್‌ಗೆ ಬಿಳಿ ಕಾಗದ ಬೇಡ, ಅದರ ಹೊಳಪುಕಾರಕ ನೇರಳಾತೀತವನ್ನು ಹೀರಿಕೊಳ್ಳುತ್ತದೆ. ಹಾರ್ಡ್‌ವೇರ್ ಅಂಗಡಿಯ ಟೆಫ್ಲಾನ್ ಟೇಪನ್ನು ರಟ್ಟಿಗೆ ಹತ್ತಾರು ಸುತ್ತು ಸುತ್ತಿದರೆ ಸಾಕು, ಅಷ್ಟು ಅಗ್ಗಕ್ಕೆ ಇಷ್ಟು ಒಳ್ಳೆಯ ಬಿಳಿ ಬೇರೆ ಸಿಗದು.

ಬಿಸಿಲಿನಲ್ಲಿ ಐಎಸ್ಒ 800, ಎಫ್/8, ಅರ್ಧದಿಂದ 2 ಸೆಕೆಂಡು. ಕಡಲ ಗಾಳಿ ಏಳುವ ಮೊದಲೇ ಮುಗಿಸಬೇಕು. ಅಡುಂಬು ಹೂವೂ ಮಧ್ಯಾಹ್ನಕ್ಕೆ ಮುದುಡುತ್ತದೆ. ಯುಟ್ರಿಕ್ಯುಲೇರಿಯಾದ ಕಾಂಡ ನೂಲಿನಷ್ಟು ಸಪೂರ, ಉಸಿರಿಗೂ ಅಲುಗುತ್ತದೆ, ಸುತ್ತ ರಟ್ಟಿನ ಮರೆ ಕಟ್ಟುತ್ತೇನೆ. ಹೂವನ್ನು ಕೀಳುವುದಿಲ್ಲ. ಮೊದಲು ಕಾಣುವ ಬೆಳಕಿನದು, ಲೆನ್ಸ್ ಅದೇ, ಫಿಲ್ಟರ್ ಮಾತ್ರ ಕಾಣುವ ಬೆಳಕನ್ನಷ್ಟೇ ಬಿಡುವ ಯುವಿ-ಐಆರ್ ಕಟ್. ಫಿಲ್ಟರ್ ಬದಲಿಸಿದ ಮೇಲೆ ಲೈವ್ ವ್ಯೂ ಹಿಗ್ಗಿಸಿ ಮತ್ತೆ ಫೋಕಸ್ ಮಾಡಲೇಬೇಕು, ಜಾಗ ಸ್ವಲ್ಪ ಸರಿದಿರುತ್ತದೆ. ದಳದ ಮೇಲೆ ಮಳೆಹನಿ ಇದ್ದರೆ ಒಣಗಲು ಬಿಡಿ. ಹನಿಯ ಹೊಳಪು ದಳದ ನೇರಳಾತೀತ ಗುರುತಿನಂತೆ ಕಂಡು ದಾರಿ ತಪ್ಪಿಸುತ್ತದೆ.

ರಾ ಫೈಲ್ ಪೂರ್ತಿ ಕೆಂಪಾಗಿ ಬರುತ್ತದೆ. ಲೈಟ್‌ರೂಮ್ ತಂತ್ರಾಂಶದ ವೈಟ್ ಬ್ಯಾಲೆನ್ಸ್ ತಾಪಮಾನದ ಪಟ್ಟಿ 2000 ಕೆಲ್ವಿನ್‌ಗೇ ನಿಲ್ಲುವುದರಿಂದ ಅಲ್ಲಿ ಪ್ರತ್ಯೇಕ ಪ್ರೊಫೈಲ್ ಬೇಕು. ನಾನು ರಾಥೆರಪಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಟೆಫ್ಲಾನ್ ಮೇಲೆ ಒತ್ತಿ ಸರಿಪಡಿಸುತ್ತೇನೆ. ಆಮೇಲೆ ಉಳಿಯುವ ಹಳದಿ, ನೀಲಿ ಹುಸಿಬಣ್ಣಗಳು, ಸೆನ್ಸರ್‌ನ ಬಣ್ಣದ ಗಾಜುಗಳಿಂದ ಹುಟ್ಟಿದವು. ಜೇನಿಗೆ ಕಾಣುವ ಬಣ್ಣ ಇದೇ ಎಂದು ಚಿತ್ರದಡಿ ಬರೆಯಬೇಡಿ. ನಂಬಬಹುದಾದದ್ದು ಎಲ್ಲಿ ಕಪ್ಪು, ಎಲ್ಲಿ ಬಿಳುಪು ಎಂಬುದು ಮಾತ್ರ.