ಕೈಗಳೂ ಹಾಡುವ ವಿಡಿಯೊ: ಸಿದ್ಧಪಡಿಸುವ ಬಗೆ

2018ರ ಮಾರ್ಚ್‌ನಲ್ಲಿ ಬ್ರಿಟನ್ನಿನ 50 ತಾಯಂದಿರು ಡೌನ್ ಸಿಂಡ್ರೋಮ್ (ಒಂದು ವರ್ಣತಂತು, ಅಂದರೆ ಕ್ರೋಮೋಸೋಮ್, ಹೆಚ್ಚಿಗೆ ಇರುವುದರಿಂದ ಹುಟ್ಟಿನಿಂದಲೇ ಬರುವ ಸ್ಥಿತಿ) ಇರುವ ತಮ್ಮ ಪುಟ್ಟ ಮಕ್ಕಳೊಂದಿಗೆ ಕಾರಿನಲ್ಲಿ ಕುಳಿತು, ಕ್ರಿಸ್ಟಿನಾ ಪೆರಿ ಅವರ ‘ಎ ಥೌಸಂಡ್ ಇಯರ್ಸ್’ ಗೀತೆಗೆ ತುಟಿಯಾಡಿಸುತ್ತ, ಕೈಸನ್ನೆ ಮಾಡುತ್ತ ಕಾಣಿಸಿಕೊಂಡ ವಿಡಿಯೊ ಲೋಕವನ್ನೇ ಕಲಕಿತು. ಕರುಣೆ ಬೇಡುವ ಒಂದು ದೃಶ್ಯವೂ ಅದರಲ್ಲಿರಲಿಲ್ಲ. ಇದ್ದದ್ದು ತಾಯಿ–ಮಗುವಿನ ಸಲಿಗೆ ಮಾತ್ರ. ಅಂಥದ್ದೊಂದನ್ನು ನಮ್ಮ ಮಕ್ಕಳೊಂದಿಗೂ ಮಾಡಬಹುದು.

ಮೊದಲು ನಿಧಾನಗತಿಯ, ಪಲ್ಲವಿ ಮತ್ತೆ ಮತ್ತೆ ಬರುವ ಹಾಡನ್ನು ಆರಿಸಿ, ಹಕ್ಕುದಾರರ ಅನುಮತಿ ಪಡೆಯಿರಿ.

ಮುಂದಿನದು ಸನ್ನೆಗಳ ಕೆಲಸ. ಹೆಚ್ಚು ಸಮಯ ಬೇಡುವುದು ಇದೇ. ಆ ತಾಯಂದಿರು ಬಳಸಿದ್ದು 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಮಕಾಟನ್ ಪದ್ಧತಿ. ಅದರಲ್ಲಿ ಬಾಯಿಂದ ಇಡೀ ವಾಕ್ಯವನ್ನು ಹೇಳುತ್ತಲೇ ಮುಖ್ಯ ಪದಗಳಿಗೆ ಮಾತ್ರ ಸನ್ನೆ ಮಾಡಲಾಗುತ್ತದೆ. ಬಾಯಿಯ ಸ್ನಾಯುಗಳ ಬಿಗಿತ ಕಡಿಮೆಯಿರುವುದರಿಂದಲೂ ಕಿವಿಯಲ್ಲಿ ದ್ರವ ತುಂಬಿ ಆಗಾಗ ಕೇಳಿಸುವಿಕೆ ಮಂದವಾಗುವುದರಿಂದಲೂ ಈ ಮಕ್ಕಳಲ್ಲಿ ಅನೇಕರಿಗೆ ಮಾತು ತಡವಾಗಿ ಬರುತ್ತದೆ. ಆದರೆ ಅವರು ಅರ್ಥಮಾಡಿಕೊಳ್ಳುವುದು ಆಡುವುದಕ್ಕಿಂತ ಬಹಳ ಹೆಚ್ಚು, ಮತ್ತು ಕಣ್ಣಿಂದ ಕಂಡದ್ದನ್ನು ಚೆನ್ನಾಗಿ ಕಲಿಯುತ್ತಾರೆ. ಕನ್ನಡದ ಹಾಡಾದರೆ, ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟಿನಿಂದ ಸಾಲಿಗೆ ಎರಡೋ ಮೂರೋ ಸನ್ನೆಗಳನ್ನು ಆಯ್ದುಕೊಳ್ಳಿ. ಮಗುವಿನ ಎದುರು ಕುಳಿತು, ನಿಮ್ಮ ಮುಖ ಕಾಣುವಂತೆ, ವಾರಕ್ಕೆ ಒಂದೇ ಸಾಲನ್ನು ಕಲಿಸಿ. ಊಟದ ಹೊತ್ತಿನಲ್ಲೂ ಸ್ನಾನದ ಹೊತ್ತಿನಲ್ಲೂ ಅದೇ ಸನ್ನೆ ಮರಳಿ ಬರಲಿ.

21ನೇ ವರ್ಣತಂತು ಎರಡರ ಬದಲು ಮೂರಿರುವುದನ್ನು ಸೂಚಿಸಲೆಂದೇ ಮೂರನೇ ತಿಂಗಳ 21ನೇ ದಿನವನ್ನು ವಿಶ್ವ ಡೌನ್ ಸಿಂಡ್ರೋಮ್ ದಿನವಾಗಿ ಆರಿಸಲಾಗಿದೆ. ಆ ಹೊತ್ತಿಗೆ ವಿಡಿಯೊ ಸಿದ್ಧವಾಗಬೇಕಿದ್ದರೆ ಡಿಸೆಂಬರ್‌ನಲ್ಲೇ ಅಭ್ಯಾಸ ಶುರುವಾಗಬೇಕು.

ಚಿತ್ರೀಕರಣ ಮಗುವಿಗೆ ಪರಿಚಿತವಾದ ಜಾಗದಲ್ಲೇ ನಡೆಯಲಿ. ಮೊಬೈಲನ್ನು ಅಡ್ಡಲಾಗಿ, ಮಗುವಿನ ಕಣ್ಣಿನ ಎತ್ತರದಲ್ಲಿ ಅಲುಗದಂತೆ ಇಡಿ. ಎರಡೂ ಕೈಗಳು ಚೌಕಟ್ಟಿನೊಳಗಿರಲಿ. ಮಗು ದಣಿದರೆ ಅಂದಿಗೆ ನಿಲ್ಲಿಸಿ.

ಸಂಕಲನದಲ್ಲಿ ಪ್ರತಿ ಮಗುವಿಗೂ ಒಂದೊಂದು ಸಾಲು ಕೊಡಿ. ತಡವಾಗಿ ಬಂದ ಸನ್ನೆ, ನಡುವೆ ಉಕ್ಕಿದ ನಗು, ತಾಯಿಯ ಕೆನ್ನೆಗೆ ಕೊಟ್ಟ ಮುತ್ತು ಇವನ್ನು ದಯವಿಟ್ಟು ಕತ್ತರಿಸಬೇಡಿ. ದುಃಖದ ಹಿನ್ನೆಲೆ ಸಂಗೀತವೂ ಬೇಡ.

ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ. ಕಲಾವಿದರು ವಯಸ್ಕರಾಗಿದ್ದರೆ ಅವರನ್ನೇ ಕೇಳಿ. ಸಾರ್ವಜನಿಕಗೊಳಿಸುವ ಮೊದಲು ಪಾಲ್ಗೊಂಡವರಿಗೆಲ್ಲ ವಿಡಿಯೊ ತೋರಿಸಿ, ಯಾರಾದರೂ ತನ್ನ ತುಣುಕು ಬೇಡವೆಂದರೆ ಅದನ್ನು ತೆಗೆದುಬಿಡಿ.