7 ಶಾಲೆ, 19 ಪ್ರಿಂಟರ್ ಮತ್ತು ಒಂದು ಪುಟದ ಬೆಲೆ

ನಮ್ಮ ಸಂಸ್ಥೆಯ ಸೆಕ್ರೆಟರಿಯವರು ಒಂದು ದಿನ ನನ್ನನ್ನು ಆಫೀಸಿಗೆ ಕರೆದರು. ಜೆರಾಕ್ಸ್ ಅಂಗಡಿಯ ಬಿಲ್ಲುಗಳ ಕಟ್ಟನ್ನು ಮೇಜಿನ ಮೇಲೆ ಹಾಕಿ, "ಏನ್ ಮೇಷ್ಟ್ರೇ, ನಿಮ್ಮ ಶಾಲೆಗಳಲ್ಲಿ ಪೇಪರ್ ಪ್ರಿಂಟ್ ಮಾಡ್ತಾರೋ, ತಿಂತಾರೋ?" ಅಂದರು. ಆ ವರ್ಷ ಹೊರಗಿನ ಜೆರಾಕ್ಸಿಗೇ ಒಂದೂವರೆ ಲಕ್ಷ ರೂಪಾಯಿ ಹೋಗಿತ್ತು. ಟೋನರ್ (ಲೇಸರ್ ಪ್ರಿಂಟರಿಗೆ ಹಾಕುವ ಪುಡಿ ಶಾಯಿ), ರಿಪೇರಿ ಬೇರೆ. ನಾನು ಗಣಿತದ ಮೇಷ್ಟ್ರು. ಲೆಕ್ಕ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ ಈ ಕೆಲಸ ನನ್ನ ಕುತ್ತಿಗೆಗೆ ಬಿತ್ತು.

ನಮ್ಮದು ಮಲೆನಾಡಿನ ಒಂದು ತಾಲ್ಲೂಕಿನಲ್ಲಿ 7 ಶಾಲೆ ನಡೆಸುವ ಸಂಸ್ಥೆ. ಏಳೂ ಕಡೆ 1ರಿಂದ 7ನೇ ತರಗತಿ ಇದೆ, 3 ಕಡೆ ಹೈಸ್ಕೂಲೂ ಇದೆ. ಒಟ್ಟು ಸುಮಾರು 2,600 ಮಕ್ಕಳು.

ಎಲ್ಲರೂ ನನ್ನಿಂದ ಬಯಸಿದ್ದು ಒಂದೇ ಮಾತು: ಯಾವ ಕಂಪನಿಯ ಮೆಷಿನ್ ತಗೋಬೇಕು ಹೇಳಿ. ನನಗೋ ನಾವು ವರ್ಷಕ್ಕೆ ಎಷ್ಟು ಪುಟ ಮುದ್ರಿಸುತ್ತೇವೆ ಅನ್ನೋದೇ ಗೊತ್ತಿರಲಿಲ್ಲ. ಯಾವ ಎಚ್.ಎಂ. ಅವರನ್ನು ಕೇಳಿದರೂ "ಜಾಸ್ತಿ ಏನಿಲ್ಲ ಬಿಡಿ" ಅನ್ನೋರು. ಕೊನೆಗೆ ಮೆಷಿನ್‌ಗಳನ್ನೇ ಕೇಳಿದೆ. ಸಾಮಾನ್ಯವಾಗಿ ಲೇಸರ್ ಪ್ರಿಂಟರ್‌ನಲ್ಲಿ ಒಂದು ಕಾನ್ಫಿಗರೇಷನ್ ಪುಟ ತೆಗೆಯಬಹುದು. ಕೊಂಡ ದಿನದಿಂದ ಎಷ್ಟು ಪುಟ ಓಡಿದೆ ಅಂತ ಅದರಲ್ಲಿ ಬರುತ್ತದೆ, ಸ್ಕೂಟರಿನ ಮೀಟರ್ ಇದ್ದ ಹಾಗೆ. ಜೂನ್ 1ಕ್ಕೆ ಏಳೂ ಶಾಲೆ ಸುತ್ತಿ ಆ ಪುಟಗಳನ್ನು ತಂದು ಫೈಲ್ ಮಾಡಿದೆ. ಏಪ್ರಿಲ್‌ನಲ್ಲಿ ಮತ್ತೊಮ್ಮೆ ಸುತ್ತಿದೆ. ಒಂದು ವರ್ಷ ಸುಮ್ನೆ ಕಾಯಿಸಿದ್ದಕ್ಕೆ ಸೆಕ್ರೆಟರಿಯವರು ಬೈದರು, ಬೈಸಿಕೊಂಡೆ.

ಸಿಕ್ಕ ಲೆಕ್ಕ ಹೀಗಿತ್ತು. 19 ಪ್ರಿಂಟರ್, 11 ಬೇರೆ ಬೇರೆ ಮಾಡೆಲ್. ಅದರಲ್ಲಿ 2 ಕೆಟ್ಟು ಮೂಲೆ ಸೇರಿದ್ದವು, ಆದರೆ ಅವುಗಳ ಹೆಸರಿನಲ್ಲೂ ಕಾರ್ಟ್ರಿಡ್ಜ್ (ಟೋನರ್ ಡಬ್ಬಿ) ಸ್ಟಾಕ್ ಇತ್ತು! ನಮ್ಮ ಮೆಷಿನ್‌ಗಳಲ್ಲಿ ವರ್ಷಕ್ಕೆ 1.9 ಲಕ್ಷ ಮಗ್ಗುಲು, ಅಂಗಡಿಯಲ್ಲಿ 1.5 ಲಕ್ಷ ಮಗ್ಗುಲು. ಹಾಳೆಗೆ ಎರಡು ಮಗ್ಗುಲು, ಹಾಗಾಗಿ ನಾನು ಮಗ್ಗುಲಿನ ಲೆಕ್ಕವನ್ನೇ ಇಟ್ಟುಕೊಂಡೆ. ಒಟ್ಟು 3.4 ಲಕ್ಷದಲ್ಲಿ 2 ಲಕ್ಷದಷ್ಟು ಬರೀ ಪ್ರಶ್ನೆಪತ್ರಿಕೆ. ನಾಲ್ಕು ಎಫ್‌ಎ (ನಡುನಡುವಿನ ಕಿರುಪರೀಕ್ಷೆ), ಎರಡು ಎಸ್‌ಎ (ಅರ್ಧವರ್ಷದ ದೊಡ್ಡ ಪರೀಕ್ಷೆ), ಹತ್ತನೇ ಕ್ಲಾಸಿಗೆ ಪೂರ್ವಸಿದ್ಧತಾ ಪರೀಕ್ಷೆ. ಉಳಿದದ್ದು ಟಿಸಿ, ಸ್ಯಾಟ್ಸ್ (ಸರ್ಕಾರದ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಪ್ರತಿಗಳು, ಸುತ್ತೋಲೆ, ವರ್ಕ್‌ಶೀಟ್, ಇತ್ಯಾದಿ.

ನನ್ನ ಮೊದಲ ತಪ್ಪು ಆಗಿದ್ದು ಇಲ್ಲೇ. ಟೋನರ್ ಡಬ್ಬಿಯ ಮೇಲೆ ಬರೆದ ಪುಟಗಳ ಸಂಖ್ಯೆಯನ್ನು ನಂಬಿ ಪಟ್ಟಿ ತಯಾರಿಸಿದ್ದೆ. ಬ್ಲ್ಯಾಕ್ ಅಂಡ್ ವೈಟ್ ಲೇಸರ್ ಟೋನರ್‌ಗೆ ಐಎಸ್‌ಒ 19752 ಅಂತ ಒಂದು ಅಳತೆ ಇದೆ. ಅದರ ಮಾದರಿ ಪುಟದಲ್ಲಿ ಶಾಯಿ ಕೂರುವ ಜಾಗ ಹಾಳೆಯ ಸುಮಾರು 5 ಶೇಕಡ. ನಮ್ಮ ಸಮಾಜ ವಿಜ್ಞಾನದ ಪತ್ರಿಕೆ ನೋಡಿ: ಸುತ್ತ ಬಾರ್ಡರ್, ಮೇಲೆ ದಪ್ಪಕ್ಷರದಲ್ಲಿ ಸಂಸ್ಥೆಯ ಹೆಸರು, ಲಾಂಛನ, ಕೊನೆಗೆ ಭಾರತದ ನಕ್ಷೆ. ಹೊಸ ಕಾರ್ಟ್ರಿಡ್ಜ್ ಹಾಕಿ ಕೌಂಟರ್ ಬರೆದಿಟ್ಟೆವು. 2,000 ಪುಟ ಅಂತಿದ್ದದ್ದು 1,380ಕ್ಕೆ ಮಸುಕಾಯಿತು. ಯಾರ ಮೋಸವೂ ಅಲ್ಲ, ನಮ್ಮ ಪುಟವೇ ಹಾಗಿದೆ. ಅಲ್ಲಿಂದ ಮುಂದೆ ಯಾರೇ ಬಂದು ಪುಟಕ್ಕೆ ಇಷ್ಟು ಪೈಸೆ ಅಂದರೂ ನಮ್ಮ ಸಮಾಜ ವಿಜ್ಞಾನದ ಪತ್ರಿಕೆಯನ್ನು ಕೈಗೆ ಕೊಡುತ್ತಿದ್ದೆ. "ಇದನ್ನು ಹೊಡೆದು ತೋರಿಸಿ ಸರ್."

ಕೊಟೇಶನ್ ತರಿಸಿದಾಗ ನಾಲ್ಕು ದಾರಿ ಕಂಡವು. ಇರುವ ಲೇಸರ್‌ಗಳಿಗೇ ರೀಫಿಲ್ ಹಾಕಿಸುತ್ತಾ ಹೋಗೋದು. ಬಾಟಲಿಯಿಂದ ಶಾಯಿ ತುಂಬುವ ಇಂಕ್ ಟ್ಯಾಂಕ್ ಪ್ರಿಂಟರ್. ಬಾಡಿಗೆಗೆ ದೊಡ್ಡ ಕಾಪಿಯರ್. ಇಲ್ಲವೇ ಡಿಜಿಟಲ್ ಡುಪ್ಲಿಕೇಟರ್.

ರೀಫಿಲ್ ಅಗ್ಗ, ನಿಜ. ಮುನ್ನೂರು ರೂಪಾಯಿಗೆ ಪುಡಿ ತುಂಬಿಕೊಡುತ್ತಾರೆ. ಆದರೆ ಮೂರನೇ ಸಲದ ಹೊತ್ತಿಗೆ ಕಾರ್ಟ್ರಿಡ್ಜ್ ಒಳಗಿನ ಡ್ರಮ್ (ಅಕ್ಷರ ಮೂಡಿಸುವ ಉರುಳೆ) ಸವೆದು ಪುಟದ ಅಂಚಿನಲ್ಲಿ ಕಪ್ಪು ಗೆರೆ ಬರೋಕೆ ಶುರು. ಒಂದು ಶಾಲೆಯಲ್ಲಿ ಪುಡಿ ಸೋರಿ ಪ್ರಿಂಟರ್‌ನ ಹೊಟ್ಟೆಯೆಲ್ಲಾ ಮಸಿ ಆಗಿತ್ತು. ಅದನ್ನು ತೊಳೆಸಿದ ಖರ್ಚಿನಲ್ಲಿ ಒಂದು ಹೊಸ ಕಾರ್ಟ್ರಿಡ್ಜ್ ಬರುತ್ತಿತ್ತು. ಲೇಸರ್‌ನದು ಇನ್ನೊಂದು ಕಷ್ಟ ಇದೆ. ಟೋನರ್ ಅಂದರೆ ಪ್ಲಾಸ್ಟಿಕ್ ಪುಡಿ. ಅದನ್ನು ಕರಗಿಸಿ ಹಾಳೆಗೆ ಅಂಟಿಸುವ ಫ್ಯೂಸರ್ ಕಾಯುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ನಮ್ಮ ಸಣ್ಣ ಯುಪಿಎಸ್ ಕೀಂ ಅಂತ ಕೂಗಿ ಕಂಪ್ಯೂಟರ್ ಸಮೇತ ಮಲಗುತ್ತಿತ್ತು. ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟ್ ಹೇಗಿರುತ್ತೆ ಅಂತ ಹೇಳಬೇಕಿಲ್ಲ ಅಲ್ವಾ?

ಇಂಕ್ ಟ್ಯಾಂಕ್ ನೋಡಿ ನನಗೇ ಆಶ್ಚರ್ಯವಾಯಿತು. ಕಪ್ಪು ಶಾಯಿ ಪುಟಕ್ಕೆ 15 ಪೈಸೆಯ ಆಸುಪಾಸು. ಫ್ಯೂಸರ್ ಇಲ್ಲ, ಯುಪಿಎಸ್ ಮೇಲೂ ಓಡುತ್ತದೆ. ಆದರೆ ಒಂದು ಪರೀಕ್ಷೆ ಮಾಡಿದೆವು. ಟಿಸಿಯ ಒಂದು ಪ್ರತಿಯನ್ನು ಇಂಕ್ ಟ್ಯಾಂಕ್‌ನಲ್ಲಿ, ಇನ್ನೊಂದನ್ನು ಲೇಸರ್‌ನಲ್ಲಿ ತೆಗೆದೆವು. ಅಟೆಂಡರ್ ಅಕ್ಕ ಲೋಟದಲ್ಲಿ ಬೆರಳದ್ದಿ ಎರಡರ ಮೇಲೂ ಉಜ್ಜಿದರು. ಲೇಸರ್ ಪ್ರತಿ ಅಲುಗಲಿಲ್ಲ. ಇನ್ನೊಂದರಲ್ಲಿ ಬಣ್ಣದ ಲಾಂಛನ ಕರಗಿ ಮಗುವಿನ ಹುಟ್ಟಿದ ತಾರೀಖಿನ ತನಕ ಹರಿಯಿತು. ಟಿಸಿ ಒಬ್ಬರ ಬೀರುವಿನಲ್ಲಿ ಮೂವತ್ತು ವರ್ಷ ಇರುವ ಕಾಗದ. ಹಾಗಾಗಿ ಟಿಸಿ, ಅಂಕಪಟ್ಟಿಗೆ ಪ್ರತಿ ಶಾಲೆಯಲ್ಲೂ ಒಂದೊಂದು ಲೇಸರ್ ಉಳಿಸಿಕೊಂಡೆವು, ಎಲ್ಲವೂ ಒಂದೇ ಕಾರ್ಟ್ರಿಡ್ಜ್ ಹಿಡಿಯುವಂಥವು. ದಿನದ ಸುತ್ತೋಲೆ, ವರ್ಕ್‌ಶೀಟ್‌ಗೆ ಇಂಕ್ ಟ್ಯಾಂಕ್.

ಬಾಡಿಗೆ ಕಾಪಿಯರ್‌ನವರು ಬಹಳ ಚೆನ್ನಾಗಿ ಮಾತಾಡಿದರು. ಮೆಷಿನ್ ಅವರದೇ, ಟೋನರ್ ಅವರದೇ, ಪುಟಕ್ಕೆ 45 ಪೈಸೆ ಮಾತ್ರ. ಎಲ್ಲರೂ ಒಪ್ಪುವ ಹಂತಕ್ಕೆ ಬಂದಿದ್ದರು. ಕರಾರಿನ ಎರಡನೇ ಪುಟದಲ್ಲಿ ಒಂದು ಸಾಲು ಇತ್ತು: ತಿಂಗಳಿಗೆ ಕನಿಷ್ಠ 25,000 ಪುಟ. ಮುದ್ರಿಸಲಿ ಬಿಡಲಿ, ಅಷ್ಟಕ್ಕೆ ದುಡ್ಡು ಕಟ್ಟಬೇಕು. ನಮಗೆ ಸೆಪ್ಟೆಂಬರ್, ಮಾರ್ಚಿನಲ್ಲಿ ಎಪ್ಪತ್ತು ಸಾವಿರ ದಾಟುತ್ತದೆ. ಮೇ ತಿಂಗಳಲ್ಲಿ ಒಂದೂವರೆ ಸಾವಿರ. ವರ್ಷದ ಲೆಕ್ಕದಲ್ಲಿ ಕನಿಷ್ಠ ಇಟ್ಟುಕೊಳ್ಳಿ ಅಂತ ಕೇಳಿದೆ. ಆಗೋದಿಲ್ಲ ಅಂದರು. ಬೇರೆಯವರು ಒಪ್ಪಬಹುದೇನೋ, ಕೇಳಿ ನೋಡಿ.

ಇನ್ನು ಡುಪ್ಲಿಕೇಟರ್. ಹಳೆಯ ಮೇಷ್ಟ್ರುಗಳಿಗೆ ಸೈಕ್ಲೋಸ್ಟೈಲ್ ನೆನಪಿರುತ್ತದೆ. ಮೇಣದ ಸ್ಟೆನ್ಸಿಲ್ ಮೇಲೆ ರಿಬ್ಬನ್ ಇಲ್ಲದೆ ಟೈಪ್ ಹೊಡೆದು, ಡ್ರಮ್ಮಿಗೆ ಸುತ್ತಿ, ಹಿಡಿ ತಿರುಗಿಸಿ ಪ್ರತಿ ತೆಗೆಯುತ್ತಿದ್ದದ್ದು. ನಿವೃತ್ತರಾದ ನಮ್ಮ ಎಚ್.ಎಂ. ಒಬ್ಬರು ಆ ಕರೆಕ್ಷನ್ ದ್ರವದ ವಾಸನೆಯನ್ನು ಈಗಲೂ ನೆನೆಯುತ್ತಾರೆ. ಡುಪ್ಲಿಕೇಟರ್ ಅದರ ಮೊಮ್ಮಗ. ಜಪಾನಿನ ರಿಸೋ ಕಂಪನಿಯ ರಿಸೋಗ್ರಾಫ್‌ನಿಂದ ಈ ಜಾತಿಯ ಮೆಷಿನ್‌ಗಳಿಗೆ ಹೆಸರು ಬಂತು. ಒಳಗೆ ಮಾಸ್ಟರ್ ಅನ್ನೋ ತೆಳು ಹಾಳೆಯ ಸುರುಳಿ ಇರುತ್ತದೆ. ಥರ್ಮಲ್ ಹೆಡ್ ನಮ್ಮ ಪುಟವನ್ನು ಸಣ್ಣ ಸಣ್ಣ ತೂತುಗಳಾಗಿ ಅದರ ಮೇಲೆ ಕೊರೆಯುತ್ತದೆ. ಮಾಸ್ಟರ್ ತಾನಾಗಿ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ತೂತಿನಿಂದ ಶಾಯಿ ಹಾಳೆಗೆ ಇಳಿಯುತ್ತದೆ. ಹಾಳೆಗೆ ಬಿಸಿ ತಾಕೋದೇ ಇಲ್ಲ. ನಿಮಿಷಕ್ಕೆ ನೂರರ ಮೇಲೆ ಹಾಳೆ ಉದುರುತ್ತವೆ.

ಇದರ ಲೆಕ್ಕವೇ ಬೇರೆ. ನಮಗೆ ಬಂದ ಕೊಟೇಶನ್ ಪ್ರಕಾರ ಒಂದು ಮಾಸ್ಟರಿಗೆ 22 ರೂಪಾಯಿ, ಶಾಯಿ ಪ್ರತಿಗೆ 12 ಪೈಸೆ. ಅಂದರೆ ಒಂದೇ ಪ್ರತಿ ತೆಗೆದರೆ 22 ರೂಪಾಯಿ ಚಿಲ್ಲರೆ. ಒಂದು ಶಾಲೆಯ 5ನೇ ಕ್ಲಾಸಿನ 37 ಮಕ್ಕಳಿಗೆ ತೆಗೆದರೆ ಪ್ರತಿಗೆ 71 ಪೈಸೆ. ಏಳೂ ಶಾಲೆಯ 260 ಮಕ್ಕಳಿಗೆ ಒಟ್ಟಿಗೆ ತೆಗೆದರೆ 20 ಪೈಸೆ. ಅದೇ ಮೆಷಿನ್, ಅದೇ ಶಾಯಿ.

ಇಷ್ಟು ಹೊತ್ತು ನಾನು ಮೆಷಿನ್ ಆರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಈ ಮೂರು ಅಂಕಿ ನೋಡಿದ ಮೇಲೆ ಗೊತ್ತಾಯಿತು, ಆರಿಸಬೇಕಾದದ್ದು ಪರೀಕ್ಷೆಯ ವೇಳಾಪಟ್ಟಿ. ಏಳೂ ಶಾಲೆ ಒಂದೇ ಪತ್ರಿಕೆಯನ್ನು ಒಂದೇ ದಿನ ಕೊಟ್ಟರೆ ಡುಪ್ಲಿಕೇಟರ್ ಲಾಭ. ಅವರವರ ಪತ್ರಿಕೆ ಅವರವರೇ ಮಾಡಿಕೊಂಡರೆ ಇಂಕ್ ಟ್ಯಾಂಕೇ ಸಾಕು, ಡುಪ್ಲಿಕೇಟರಿಗೆ ಎರಡು ಲಕ್ಷ ಸುರಿಯೋದು ದಂಡ.

ಇದನ್ನು ಎಚ್.ಎಂ.ಗಳ ಮೀಟಿಂಗ್‌ನಲ್ಲಿ ಇಟ್ಟೆ. ಮೆಷಿನ್ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ನಮ್ಮ ಮಕ್ಕಳಿಗೆ ಆ ಶಾಲೆಯ ಮೇಷ್ಟ್ರು ಪ್ರಶ್ನೆ ಹಾಕೋದಾ? ನಮ್ಮಲ್ಲಿ ಇನ್ನೂ ನಾಲ್ಕನೇ ಪಾಠ ಮುಗಿದಿಲ್ಲ! ನಮ್ಮೂರಿನ ಜಾತ್ರೆ ಅದೇ ವಾರ! ಮೂರು ಮೀಟಿಂಗ್ ಆದವು. ಕೊನೆಗೆ ವಿಷಯಕ್ಕೆ ಇಬ್ಬರು ಶಿಕ್ಷಕರಂತೆ ಬೇರೆ ಬೇರೆ ಶಾಲೆಯಿಂದ ಹಾಕಿ, ಪಾಠದ ಪಟ್ಟಿಯನ್ನು ಮೊದಲೇ ಹಂಚಿ, ಜಾತ್ರೆಯ ವಾರ ಬಿಟ್ಟು ದಿನ ಗೊತ್ತುಮಾಡಿದೆವು. ಇಡೀ ಕೆಲಸದಲ್ಲಿ ಕಷ್ಟ ಅನ್ನಿಸಿದ್ದು ಇದೊಂದೇ.

ಡುಪ್ಲಿಕೇಟರ್ ಕೊಳ್ಳುವ ಮೊದಲು ಡೆಮೊ ಕೇಳಿದೆವು. ನಾನು ಕೊಟ್ಟ ಪುಟದಲ್ಲಿ ಎರಡೇ ಪದ, ಹಲವು ಅಳತೆಯಲ್ಲಿ: ರಾಷ್ಟ್ರ, ಸ್ವಾತಂತ್ರ್ಯ. ಇಂಗ್ಲಿಷ್ ಅಕ್ಷರ 9 ಪಾಯಿಂಟಿನಲ್ಲೂ ಚೆನ್ನಾಗಿ ಬಂತು. ಕನ್ನಡದಲ್ಲಿ 10 ಪಾಯಿಂಟಿಗೆ ಇಳಿದರೆ ಷ್ಟ್ರದ ಒತ್ತುಗಳ ನಡುವಿನ ಬಿಳಿ ಜಾಗ ಶಾಯಿಯಿಂದ ಮುಚ್ಚಿಹೋಗುತ್ತಿತ್ತು. ತಂತ್ರ್ಯ ಅಂತೂ ಒಂದು ಕಪ್ಪು ಉಂಡೆ. 12ಕ್ಕೆ ಏರಿಸಿ, ಸಾಲಿನ ನಡುವೆ ಸ್ವಲ್ಪ ಜಾಗ ಬಿಟ್ಟರೆ ಸರಿಯಾಯಿತು. ಡಿಟಿಪಿ ಮಾಡುವವರಿಗೆ ಒಂದೇ ಟೆಂಪ್ಲೇಟ್ ಕೊಟ್ಟೆವು, ಬಾರ್ಡರ್ ತೆಗೆಸಿದೆವು. ಫೋಟೋ ಮಾತ್ರ ಇದರಲ್ಲಿ ಚೆನ್ನಾಗಿ ಬರೋದಿಲ್ಲ. ವಿಜ್ಞಾನದವರು ಗೆರೆಚಿತ್ರಕ್ಕೆ ಒಗ್ಗಿಕೊಂಡರು.

ಮೆಷಿನ್ 2 ಲಕ್ಷ, 18 ಶೇಕಡ ಜಿಎಸ್‌ಟಿ ಸೇರಿ 2.36 ಲಕ್ಷ. ಶಾಲೆಯ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ, ಆದ್ದರಿಂದ ನಾವು ಕಟ್ಟಿದ್ದಕ್ಕೆ ಇನ್‌ಪುಟ್ ಕ್ರೆಡಿಟ್ಟೂ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮುರಿದುಕೊಳ್ಳುವ ಅವಕಾಶ) ಇಲ್ಲ. ಕೆಲವರು ತೆರಿಗೆ ಬಿಟ್ಟ ದರ ಬರೆದು ಅಗ್ಗ ಅಂತ ತೋರಿಸುತ್ತಾರೆ, ನೋಡಿಕೊಳ್ಳಿ. 5 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 47,200. ಎಎಂಸಿ (ವರ್ಷದ ನಿರ್ವಹಣೆ ಕರಾರು) 14,000. ಮೊದಲ ವರ್ಷ 780 ಮಾಸ್ಟರ್‌ನಿಂದ ಎರಡು ಲಕ್ಷ ಮಗ್ಗುಲು ತೆಗೆದೆವು. ಮಾಸ್ಟರ್ ಮತ್ತು ಶಾಯಿ 21 ಪೈಸೆ, ಮೆಷಿನ್ 24, ಎಎಂಸಿ 7, ಹಾಳೆ 26. ಒಟ್ಟು 78 ಪೈಸೆ. ಅಂಗಡಿಯಲ್ಲಿ 1 ರೂಪಾಯಿ ಇತ್ತು. ಎರಡು ಲಕ್ಷ ಮಗ್ಗುಲನ್ನೂ ಅಂಗಡಿಯ ದರಕ್ಕೆ ಹೋಲಿಸಿದರೆ ವರ್ಷಕ್ಕೆ ಉಳಿದದ್ದು 44,000 ರೂಪಾಯಿ. ಸೆಕ್ರೆಟರಿಯವರು ಇನ್ನೂ ದೊಡ್ಡ ಅಂಕಿ ನಿರೀಕ್ಷಿಸಿದ್ದರು ಅಂತ ಅವರ ಮುಖ ಹೇಳುತ್ತಿತ್ತು.

ಆ ಹಾಳೆಯ ಅಂಕಿ ನೋಡಿದಿರಾ? ಎಲ್ಲಕ್ಕಿಂತ ದೊಡ್ಡದು ಅದೇ, ಅದೂ ಎರಡು ಮಗ್ಗುಲಿಗೂ ಮುದ್ರಿಸಿದಾಗ. 500 ಹಾಳೆಯ ರೀಮಿಗೆ 260 ರೂಪಾಯಿ ಅಂದರೆ ಹಾಳೆಗೆ 52 ಪೈಸೆ. ಒಂದೇ ಮಗ್ಗುಲಿಗೆ ಹೊಡೆದಿದ್ದರೆ ನಮ್ಮ 78 ಪೈಸೆ 1 ರೂಪಾಯಿ 4 ಪೈಸೆ ಆಗಿ ಉಳಿತಾಯವೆಲ್ಲ ನೆಗೆದು ಬೀಳುತ್ತಿತ್ತು. ಶಾಯಿಯಲ್ಲಿ ಮೂರು ಪೈಸೆಗೆ ಚೌಕಾಶಿ ಮಾಡುವವರು ಹಾಳೆಯನ್ನು ತೂಗಿ ನೋಡೋದೇ ಇಲ್ಲ. ಎ4 ಹಾಳೆ ಒಂದು ಚದರ ಮೀಟರಿನ ಹೆಚ್ಚುಕಡಿಮೆ 16ನೇ ಒಂದು ಭಾಗ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಅಂದರೆ 500 ಹಾಳೆ ಸುಮಾರು 2 ಕಿಲೋ 180 ಗ್ರಾಂ ತೂಗಬೇಕು. ಒಂದು ರೀಮಿನ ಹೊದಿಕೆ ಬಿಚ್ಚಿ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಗೆ ಇಟ್ಟೆ. 2 ಕಿಲೋ 50 ಗ್ರಾಂ. ಅಂದರೆ 66 ಜಿಎಸ್‌ಎಂ ಕೂಡ ಇಲ್ಲ. ತೆಳು ಹಾಳೆಗೆ ಎರಡೂ ಕಡೆ ಹೊಡೆದರೆ ಹಿಂದಿನ ಅಕ್ಷರ ಮುಂದೆ ಕಾಣುತ್ತದೆ. ಸರಬರಾಜು ಮಾಡುವವರನ್ನು ಬದಲಾಯಿಸಿದೆವು, ಜಗಳ ಇಲ್ಲದೆ.

ಆಮೇಲಿನ ಎಡವಟ್ಟುಗಳೂ ಇವೆ. ಜುಲೈನಲ್ಲಿ ಹಾಳೆ ತೇವ ಹೀರಿ ಸುರುಳಿಯಾಗಿ ಜಾಮ್ ಆಗುತ್ತಿತ್ತು. ಈಗ ರೀಮುಗಳನ್ನು ಬೀರುವಿನಲ್ಲಿಟ್ಟು ಒಳಗೆ ಒಂದು 40 ವ್ಯಾಟಿನ ಹಳೇ ಬಲ್ಬ್ ಹಾಕುತ್ತೇವೆ, ಹಾಳೆಗೆ ತಾಗದ ಹಾಗೆ. ಬೇಸಿಗೆ ರಜೆಯಲ್ಲಿ ಮುಚ್ಚಿಟ್ಟ ಎರಡು ಇಂಕ್ ಟ್ಯಾಂಕ್‌ಗಳ ಹೆಡ್ (ಶಾಯಿ ಚಿಮ್ಮುವ ಭಾಗ) ಒಣಗಿ ಕಟ್ಟಿಕೊಂಡಿತು. ಹೆಡ್ ಕ್ಲೀನಿಂಗ್ ಒತ್ತಿ ಒತ್ತಿ ಅರ್ಧ ಬಾಟಲಿ ಶಾಯಿ ವೇಸ್ಟ್ ಪ್ಯಾಡ್ ಪಾಲಾಯಿತು. ಈಗ ರಜೆಯಲ್ಲೂ ವಾರಕ್ಕೊಂದು ಪುಟ ತೆಗೆಯುವ ಕೆಲಸ ಅಟೆಂಡರ್ ಅಕ್ಕನದು.

ಇನ್ನೊಂದು ವಿಷಯ ಯಾವ ಕೊಟೇಶನ್‌ನಲ್ಲೂ ಇರಲಿಲ್ಲ. ಬಳಸಿದ ಮಾಸ್ಟರ್ ಮೆಷಿನ್‌ನ ಪಕ್ಕದ ಡಬ್ಬಿಗೆ ಹೋಗಿ ಬೀಳುತ್ತದೆ. ಬಿಡಿಸಿ ಬೆಳಕಿಗೆ ಹಿಡಿದರೆ ಪ್ರಶ್ನೆಗಳನ್ನು ಓದಬಹುದು. ಮೊದಲ ಎಸ್‌ಎ ಹೊತ್ತಿಗೆ ಡಬ್ಬಿ ಕಸದ ಬುಟ್ಟಿಗೆ ಖಾಲಿಯಾಗಿತ್ತು, ಅದೃಷ್ಟಕ್ಕೆ ಅಟೆಂಡರ್ ಅಕ್ಕ ನೋಡಿದರು. ಈಗ ಆ ಡಬ್ಬಿಯನ್ನು ನಾನೇ ಹಿತ್ತಿಲಿಗೆ ಒಯ್ದು ಸುಡುತ್ತೇನೆ. ಎಣ್ಣೆ ಶಾಯಿ, ಕೈ ಕಪ್ಪಾಗುತ್ತದೆ.

ಪಕ್ಕದ ಊರಿನ ಶಾಲೆಯವರು ನಮ್ಮ ಪತ್ರಿಕೆಯನ್ನೇ ತಮಗೂ ಮುದ್ರಿಸಿಕೊಡಿ ಅಂತ ಕೇಳಿದ್ದಾರೆ. ಕ್ಲಾಸಿಗೆ 60 ಪ್ರತಿ ಜಾಸ್ತಿಯಾದರೆ ಮಾಸ್ಟರ್ ಖರ್ಚು ಇನ್ನಷ್ಟು ಹಂಚಿಹೋಗುತ್ತದೆ, ನಮಗೂ ಒಳ್ಳೆಯದೇ. ಅವರ ಎಚ್.ಎಂ. ಮಾತ್ರ ಗಣಿತದ ಪರೀಕ್ಷೆ ಸೋಮವಾರ ಬೇಡ ಅಂತಿದ್ದಾರೆ. ಮಾತುಕತೆ ನಡೆಯುತ್ತಿದೆ.