ಯುರೋಪಿಗೆ ಹೋಗುವ ಕಾಫಿಗೆ ತೋಟದ ದಾಖಲೆ ಹೊಂದಿಸಿಕೊಳ್ಳುವುದು ಹೇಗೆ?

ಕಾಡು ಕಡಿದ ಜಾಗದ ಬೆಳೆ ಬೇಡ ಅನ್ನುವ ಯುರೋಪಿನ ಕಾನೂನು ಮೊದಲು 2024ರ ಕೊನೆಗೆ ಜಾರಿ ಅಂದರು, ಆಮೇಲೆ 2025 ಅಂದರು, ಈಗ 2026ರ ಡಿಸೆಂಬರ್ 30. ಮುಂದಕ್ಕೆ ಹೋಯ್ತಲ್ಲ ಅಂತ ಸುಮ್ನೆ ಕೂರಬೇಡಿ. ನಮ್ಮ ಕಾಫಿ ಬಹುಪಾಲು ರಫ್ತಾಗುತ್ತದೆ, ಅದರಲ್ಲೂ ಇಟಲಿ, ಜರ್ಮನಿಯವರೇ ದೊಡ್ಡ ಗಿರಾಕಿಗಳು.

ಅವರು ಕೇಳುವುದು ಇಷ್ಟು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟ ಆಗಿರಬಾರದು, ನಮ್ಮ ದೇಶದ ಕಾನೂನಿನ ಪ್ರಕಾರ ಬೆಳೆದಿರಬೇಕು, ಬೆಳೆದ ಜಾಗ ಯಾವುದು ಅಂತ ತೋರಿಸಬೇಕು. ಅಲ್ಲಿ ಕಾಗದಪತ್ರ ಸಲ್ಲಿಸುವುದು ಕೊಳ್ಳುವ ಕಂಪನಿಯ ಕೆಲಸ. ನೀವು ಕೊಡಬೇಕಾದದ್ದು ಮುಖ್ಯವಾಗಿ ಜಾಗದ ಗುರುತು. 2025ರಲ್ಲಿ ಭಾರತವನ್ನು ಕಡಿಮೆ ಅಪಾಯದ ಪಟ್ಟಿಗೆ ಹಾಕಿದ್ದಾರೆ, ನಿಜ. ಆದರೂ ಇದು ತಪ್ಪುವುದಿಲ್ಲ.

ತೋಟ 4 ಹೆಕ್ಟೇರ್ ಒಳಗಿದ್ದರೆ, ಅಂದರೆ ಸುಮಾರು 9 ಎಕರೆ 35 ಗುಂಟೆ, ಒಂದು ಜಿಪಿಎಸ್ ಪಾಯಿಂಟ್ (ಅಕ್ಷಾಂಶ, ರೇಖಾಂಶ) ಸಾಕು. ಮನೆ ಅಂಗಳದಲ್ಲಿ ನಿಂತು ತೆಗೆಯಬೇಡಿ, ತೋಟದ ನಡುವೆ ಹೋಗಿ. ಅದಕ್ಕಿಂತ ಜಾಸ್ತಿ ಇದ್ದರೆ ಬೇಲಿ ಸುತ್ತ ನಡೆದು ಇಡೀ ಗಡಿ ಗುರುತಿಸಬೇಕು. ಬೇರೆ ಬೇರೆ ಕಡೆ ಜಮೀನಿದ್ದರೆ ಒಂದೊಂದಕ್ಕೂ ಬೇರೆ ಗುರುತು. ಚುಕ್ಕಿಯ ನಂತರ ಆರು ಅಂಕಿ ಬೇಕು, ಅಕ್ಷಾಂಶ ಮೊದಲು. ಕೊಡಗಿನ ತೋಟಕ್ಕೆ 12, 75 ಅಂತ ಶುರುವಾಗುತ್ತದೆ. ಅದಲು ಬದಲಾದರೆ ನಿಮ್ಮ ರೋಬಸ್ಟಾ ಕಾಫಿ ನಾರ್ವೆಯ ಉತ್ತರಕ್ಕಿರುವ ಸಮುದ್ರದಲ್ಲಿ ಬೆಳೆದ ಹಾಗೆ ಆಗುತ್ತದೆ!

ನನ್ನ ಪ್ರಕಾರ ನಿಜವಾದ ತಲೆನೋವು ನೆರಳು. ನಮ್ಮಲ್ಲಿ ಕಾಫಿ ಬೆಳೆಯುವುದೇ ಹಲಸು, ಅತ್ತಿ, ಸಿಲ್ವರ್ ಓಕ್ ಕೆಳಗೆ, ಹಾಗಾಗಿ ಉಪಗ್ರಹದ ಚಿತ್ರದಲ್ಲಿ ತೋಟವೂ ಕಾಡಿನ ಹಾಗೇ ಕಾಣಬಹುದು. ನೀವು ಈ ವರ್ಷ ಒಂದು ಬ್ಲಾಕಿನ ಓಕ್ ಮಾರಿದಿರಿ ಅಂತಿಟ್ಟುಕೊಳ್ಳಿ, ಮೊದಲೇ ತೋಟವಾಗಿದ್ದ ಜಾಗ ಅದು, ಕಾಡು ಕಡಿದ ಹಾಗೆ ಆಗುವುದಿಲ್ಲ, ಆದರೆ ದೂರದಲ್ಲಿ ಕಂಪ್ಯೂಟರ್ ಮುಂದೆ ಕೂತವನಿಗೆ ಕಾಣುವುದು ಹಸಿರು ಹೋಗಿ ಬಯಲಾದದ್ದು ಮಾತ್ರ. ಕಾಡನ್ನೇ ಉಳಿಸಿಕೊಂಡ ಹಾಗೆ ಬೆಳೆದವರಿಗೇ ಈ ಕಾಟ ನೋಡಿ. ಅದಕ್ಕೇ 2020ಕ್ಕಿಂತ ಮುಂಚೆ ಅಲ್ಲಿ ಕಾಫಿ ಇತ್ತು ಅನ್ನುವ ಪುರಾವೆ ಕೈಯಲ್ಲಿರಲಿ: ಬೆಳೆ ಕಾಲಂನಲ್ಲಿ ಕಾಫಿ ಅಂತಿರುವ ಹಳೇ ಪಹಣಿ, ಕ್ಯೂರಿಂಗ್ ವರ್ಕ್ಸ್‌ನ (ಕಾಫಿ ಸಿಪ್ಪೆ ತೆಗೆದು ಹಸನು ಮಾಡುವ ಕಾರ್ಖಾನೆ) ಹಳೇ ಬಿಲ್, ಬೆಳೆಸಾಲದ ಕಾಗದ. ಮರ ಕಡಿಯುವ ಮುಂಚೆ ಫೋಟೋ ತೆಗೆದಿಡಿ, ಅನುಮತಿ ಪತ್ರ ಪಡೆದಿದ್ದರೆ ಅದರ ಪ್ರತಿಯನ್ನೂ ಜೊತೆಗೇ ಇಡಿ.

ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಖಾತೆ ಬದಲಾವಣೆಗೆ ಈಗಲೇ ಓಡಾಡಿ, ಅದು ಕೊಯ್ಲಿನ ಹೊತ್ತಿಗೆ ಮುಗಿಯುವ ಕೆಲಸ ಅಲ್ಲ. ಕಾಫಿ ಬೋರ್ಡ್‌ನ ಆ್ಯಪ್‌ನಲ್ಲಿ ನೋಂದಣಿಯನ್ನೂ ಮಾಡಿಬಿಡಿ.

ಮಾರುವಾಗ ಒಂದು ಎಚ್ಚರ. ಜಾಗದ ಗುರುತಿಲ್ಲದ ಒಂದು ಮೂಟೆ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಸೇರಿದರೂ ಇಡೀ ಲಾಟ್ ಕೆಡುತ್ತದೆ. ವ್ಯಾಪಾರಿ ಗೋಡೌನ್‌ನಲ್ಲಿ ಬೇರೆಯವರ ಮಾಲಿನ ಜೊತೆ ಸುರಿಯುತ್ತಾರಾ ಅಂತ ಲಾರಿಗೆ ಹತ್ತಿಸುವ ಮುಂಚೆಯೇ ಕೇಳಿ. ತೂಕದ ಚೀಟಿಯಲ್ಲಿ ತಾರೀಕು, ಸರ್ವೆ ನಂಬರ್ ಬರೆಸಿಕೊಳ್ಳಿ.